ಅಪ್ಪನ ಮನೆಯಲ್ಲಿ ನೋಡಬಹುದು, ಅಮ್ಮನ ಮನೆಯಲ್ಲಿ ನೋಡಬಾರದು: ಮಕ್ಕಳ ಟಿವಿ, ಮೊಬೈಲ್ ವಿಷಯಕ್ಕೆ ಒಂದು ದಾರಿ ಹೇಳಿ

ಬಲದಂಡೆ ಅಮ್ಮ (ಹಾಸನ)

ಎಲ್ಲರಿಗೂ ನಮಸ್ಕಾರ. ಬರೆಯೋದೋ ಬೇಡವೋ ಅಂತ ಮೂರು ದಿನ ಯೋಚನೆ ಮಾಡಿದೆ. ಮನೆಯವರ ಹತ್ತಿರ ಹೇಳಿದರೆ ಹಳೆ ಜಗಳವೇ ಮತ್ತೆ ಎದ್ದು ಕೂರುತ್ತದೆ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಎರಡು ವರ್ಷದ ಹಿಂದೆ ಇಬ್ಬರೂ ಒಪ್ಪಿಯೇ ಡಿವೋರ್ಸ್ ತಗೊಂಡೆವು. ಮಕ್ಕಳು ನನ್ನ ಹತ್ತಿರ ಇದ್ದಾರೆ. ಮಗನಿಗೆ ಹತ್ತು ವರ್ಷ, ಐದನೇ ಕ್ಲಾಸು. ಮಗಳಿಗೆ ಆರು, ಒಂದನೇ ಕ್ಲಾಸು. ಅವರಪ್ಪ ಚಿಕ್ಕಮಗಳೂರಿನ ಆಲ್ದೂರು ಕಡೆ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ತೋಟದ ಲೆಕ್ಕ ಬರೆಯುವವರು. ತಿಂಗಳಿಗೆ ಎರಡು ಸಲ ಶನಿವಾರ, ಭಾನುವಾರ ಮಕ್ಕಳು ಅಲ್ಲಿಗೆ ಹೋಗುತ್ತಾರೆ. ಇಬ್ಬರಿಗೂ ನಡುವೆ ಬೇಲೂರು ಸಿಗುತ್ತದೆ. ಶನಿವಾರ ಸ್ಕೂಲ್ ಬಿಟ್ಟ ಮೇಲೆ ಬೇಲೂರು ಬಸ್‌ಸ್ಟ್ಯಾಂಡಿಗೆ ನಾನು ಕರೆದುಕೊಂಡು ಹೋಗುತ್ತೇನೆ. ಭಾನುವಾರ ಸಂಜೆ ಅಲ್ಲೇ ಅವರು ತಂದು ಬಿಡುತ್ತಾರೆ. ಇವತ್ತಿನವರೆಗೂ ಅವರು ಒಂದು ಸಲವೂ ತಪ್ಪಿಸಿಲ್ಲ. ಅದನ್ನು ಹೇಳಲೇಬೇಕು.

ನಮ್ಮ ಮನೆಯಲ್ಲಿ ಹೋಂವರ್ಕ್ ಮುಗಿದ ಮೇಲೆ ಒಂದು ಗಂಟೆ ಟಿವಿ. ಮೊಬೈಲ್ ಇಲ್ಲ. ಮಚ್ಚು, ಲಾಂಗು, ರಕ್ತ ಇರುವ ಸಿನಿಮಾ ಇಲ್ಲವೇ ಇಲ್ಲ. ಅಲ್ಲಿ ಯಾವ ಲೆಕ್ಕವೂ ಇಲ್ಲ. ಟಿವಿ ಹಾಕಿದರೆ ಹಾಕಿದ ಹಾಗೇ.

ಈ ಸಲ ಕಾಫಿ ಕೊಯ್ಲು ಶುರುವಾದ ಮೇಲೆ ಮಗಳು ಬದಲಾಗಿದ್ದಾಳೆ. ಭಾನುವಾರ ರಾತ್ರಿ ಬಂದರೆ ನಿದ್ದೆ ಇಲ್ಲ. ಬಚ್ಚಲಿನ ಲೈಟ್ ಆರಿಸಬಾರದು. ನನ್ನ ಚೂಡಿದಾರದ ವೇಲಿನ ತುದಿಯನ್ನು ಅವಳ ಕಿರುಬೆರಳಿಗೆ ಸುತ್ತಿಕೊಂಡು ಮಲಗುತ್ತಾಳೆ. ನಾನು ಎದ್ದರೆ ಅವಳಿಗೆ ಗೊತ್ತಾಗಬೇಕಂತೆ. ಮೊನ್ನೆ ಡ್ರಾಯಿಂಗ್ ಪುಸ್ತಕ ತೆಗೆದು ನೋಡಿದೆ. ಒಂದು ಬೀರು ಬರೆದಿದ್ದಾಳೆ. ಬಾಗಿಲು ಸ್ವಲ್ಪ ತೆರೆದಿದೆ. ಒಳಗಿಂದ ಒಂದು ಕೈ ಬಂದಿದೆ. ಐದು ಬೆರಳಿಗೂ ಉದ್ದ ಉಗುರು, ಕೆಂಪು ಸ್ಕೆಚ್ ಪೆನ್ನಿನಲ್ಲಿ ಒತ್ತಿ ಒತ್ತಿ ತಿದ್ದಿದ್ದಾಳೆ. ಪೇಪರು ಹಿಂದಕ್ಕೆ ತೂತು ಬಿದ್ದಿದೆ.

"ಏನು ನೋಡಿದೆ ಪುಟ್ಟಿ?" ಅಂದರೆ "ಹೇಳಬಾರದು" ಅನ್ನುತ್ತಾಳೆ. ಯಾರು ಹಾಗೆ ಹೇಳಿದ್ದು ಅಂದರೆ ಸುಮ್ಮನಾಗುತ್ತಾಳೆ. ಅವರಪ್ಪನೇ ಹೇಳಿಕೊಟ್ಟಿರಬೇಕು ಅಂತ ನನ್ನ ಅನುಮಾನ. ಮಗನ ಬಾಯಿಂದ ಒಂದು ಸಿನಿಮಾದ ಹೆಸರು ಹೇಗೋ ಬಂತು. ಹುಡುಕಿ ನೋಡಿದರೆ ಅದಕ್ಕೆ 16+ ಅಂತ ಇದೆ.

ಫೋನ್ ಮಾಡಿ ಕೇಳಿದೆ. "ನಾನೂ ಪಕ್ಕದಲ್ಲೇ ಕೂತಿದ್ದೆ. ಸಿನಿಮಾ ನೋಡಿ ಯಾರೂ ಕೆಟ್ಟು ಹೋಗಿಲ್ಲ. ನಿನ್ನ ಮನೆ ರೂಲ್ಸು ನನ್ನ ಮನೆಗೆ ತರಬೇಡ" ಅಂದರು. "ಹಾಗಾದರೆ ಮಕ್ಕಳನ್ನು ಕಳಿಸಲ್ಲ" ಅಂದುಬಿಟ್ಟೆ. ಫೋನ್ ಇಟ್ಟರು. ಆ ಮಾತು ಆಡಬಾರದಿತ್ತು ಅಂತ ಆಗಲೇ ಅನ್ನಿಸಿತು. ಆದರೆ ಬೇರೆ ಏನು ಮಾಡಲಿ? ಮುಂದಿನ ಶನಿವಾರ ಕಳಿಸಬೇಕು. ದಯವಿಟ್ಟು ಹೇಳಿ.

ಪಟ್ಟಣದ ಹುಡುಗಿ (ಚನ್ನರಾಯಪಟ್ಟಣ)

ಅಕ್ಕ, ನಾನಾಗಿದ್ದರೆ ಕಳಿಸುತ್ತಿರಲಿಲ್ಲ. ಆ ಚಿತ್ರದ ವಿಷಯ ಓದಿ ಹೊಟ್ಟೆ ಹಿಂಡಿದ ಹಾಗಾಯಿತು. ಆರು ವರ್ಷದ ಕೂಸು. ಮೊದಲು ಮಗು, ಆಮೇಲೆ ಕೋರ್ಟು. ಅವರೇ ಬಂದು ಕೇಳಲಿ ಬಿಡಿ.

ತೋಟದ ಹಾದಿ (ತರೀಕೆರೆ)

ನನಗೆ ತಿಳಿದ ಮಟ್ಟಿಗೆ ಹಿಂದೂಗಳಲ್ಲಿ ಮಕ್ಕಳಿಗೆ ತಂದೆಯೇ ಮೊದಲ ಗಾರ್ಡಿಯನ್. ಮಕ್ಕಳು ಅವರ ಮನೆಯಲ್ಲಿ ಇರುವಾಗ ಏನು ನೋಡಬೇಕು ಅಂತ ಅವರೇ ಹೇಳಬೇಕು. ಮೇಡಂ ಬೇಜಾರು ಮಾಡಿಕೊಳ್ಳಬೇಡಿ, ಕಾನೂನು ಹಾಗಿದೆ ಅಂತ ಹೇಳಿದೆ ಅಷ್ಟೆ.

ಕಪ್ಪು ಕೋಟು (ಹಾಸನ)

ಇಬ್ಬರ ಮಾತಿಗೂ ಉತ್ತರ ಕೊಡಬೇಕು. ನಾನು ವಕೀಲೆ, ಇಂಥ ಕೇಸುಗಳನ್ನು ನೋಡುತ್ತಿರುತ್ತೇನೆ.

ಮೊದಲು ಕಳಿಸಬೇಡಿ ಅನ್ನುವ ಮಾತು. ದಯವಿಟ್ಟು ಹಾಗೆ ಮಾಡಬೇಡಿ. ಒಪ್ಪಿ ತಗೊಂಡ ಡಿವೋರ್ಸ್‌ನಲ್ಲಿ ಮಕ್ಕಳ ಭೇಟಿಯ ಷರತ್ತು ಸಾಮಾನ್ಯವಾಗಿ ಕೋರ್ಟಿನ ಆದೇಶದಲ್ಲೇ ಸೇರಿರುತ್ತದೆ. ಅದನ್ನು ನೀವಾಗಿಯೇ ನಿಲ್ಲಿಸಿದರೆ ಆದೇಶ ಮುರಿದವರು ನೀವಾಗುತ್ತೀರಿ. ಸಿನಿಮಾದ ವಿಷಯ ಆಮೇಲೆ ಯಾರೂ ಕೇಳುವುದಿಲ್ಲ. ಮಗುವಿನ ಭಯದ ಮಾತು ಹಿಂದೆ ಸರಿದು, ಮಗುವನ್ನು ಯಾಕೆ ಕಳಿಸಲಿಲ್ಲ ಅನ್ನುವುದೇ ಮುಂದೆ ಬರುತ್ತದೆ.

ಇನ್ನು ತಂದೆಯೇ ಮೊದಲ ಗಾರ್ಡಿಯನ್ ಅನ್ನುವ ಮಾತು. 1956ರ ಹಿಂದೂ ಅಪ್ರಾಪ್ತ ವಯಸ್ಕರ ಮತ್ತು ಪೋಷಕತ್ವ ಕಾಯ್ದೆಯಲ್ಲಿ ತಂದೆ, ಅವನ ನಂತರ ತಾಯಿ ಅಂತ ಬರೆದಿರುವುದು ನಿಜ. ಆದರೆ 1999ರಲ್ಲಿ ಗೀತಾ ಹರಿಹರನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಆ 'ನಂತರ' ಅನ್ನುವ ಪದವನ್ನು ಬಿಡಿಸಿ ಹೇಳಿದೆ. ತಂದೆ ತೀರಿಕೊಂಡ ಮೇಲೆ ಮಾತ್ರ ತಾಯಿ ಅಂತ ಅದರ ಅರ್ಥ ಅಲ್ಲ. ಅದೇ ಕಾಯ್ದೆಯ 13ನೇ ಕಲಂ ಮಗುವಿನ ಹಿತವೇ ಎಲ್ಲಕ್ಕಿಂತ ಮೊದಲು ಅನ್ನುತ್ತದೆ. ಅಪ್ಪನ ಮಾತೇ ಕೊನೆ ಅಂತಲೂ ಇಲ್ಲ, ಅಮ್ಮನ ಮಾತೇ ಕೊನೆ ಅಂತಲೂ ಇಲ್ಲ.

ಮಕ್ಕಳ ವಿಷಯದ ಷರತ್ತುಗಳನ್ನು ಡಿವೋರ್ಸ್ ಆದ ಮೇಲೂ ಬದಲಾಯಿಸಿ ಅಂತ ಕೇಳಬಹುದು. 1955ರ ಹಿಂದೂ ವಿವಾಹ ಕಾಯ್ದೆಯ 26ನೇ ಕಲಂನಲ್ಲಿ ಅದಕ್ಕೆ ಅವಕಾಶ ಇದೆ. ಆದರೆ ಬಲದಂಡೆ ಅವರೇ, ಟಿವಿ ರಿಮೋಟಿನ ವಿಷಯಕ್ಕೆ ಕೋರ್ಟು ಹತ್ತಬೇಡಿ ಅಂತ ನನ್ನ ಕೋರಿಕೆ. ಮೊದಲು ಎದುರು ಕೂತು ಮಾತಾಡಿ. ಆಗಲಿಲ್ಲವಾ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಮೀಡಿಯೇಷನ್ (ಮಧ್ಯಸ್ಥಿಕೆ) ಬೇಕು ಅಂತ ಹೇಳಿ. ಹೆಣ್ಣುಮಕ್ಕಳಿಗೆ ಅಲ್ಲಿ ಕಾನೂನು ನೆರವು ಉಚಿತ. ಎಷ್ಟು ಆದಾಯ ಇದೆ ಅಂತ ನೋಡುವುದಿಲ್ಲ.

ಕಡೂರು ಅಪ್ಪ

ನಾನು ಡಿವೋರ್ಸ್ ಆದ ಅಪ್ಪ. ಆ ಮನೆ ಒಳಗೆ ಹೇಗಿರುತ್ತದೆ ಅಂತ ಹೇಳಬೇಕು ಅನ್ನಿಸಿತು. ಅವರ ಪರ ವಹಿಸಿಕೊಂಡು ಮಾತಾಡುತ್ತಿಲ್ಲ.

ಮಗಳು ನನ್ನ ಹತ್ತಿರ ಬರುವುದು ತಿಂಗಳಿಗೆ ನಾಲ್ಕು ದಿನ. ಮೊದಲ ವರ್ಷ ಅವಳು ಬಂದ ಕೂಡಲೇ ನನಗೆ ಗಾಬರಿ. ಏನು ಮಾತಾಡಬೇಕು? ಏನು ಅಡುಗೆ ಮಾಡಬೇಕು? ಅವಳಮ್ಮ ಇದ್ದಾಗ ಇದೆಲ್ಲ ತಾನೇ ನಡೆಯುತ್ತಿತ್ತು. ಮೊದಲ ಸಲ ಅವಳ ತಲೆ ಬಾಚಲು ಹೋಗಿ ಅರ್ಧ ಗಂಟೆ ಆದರೂ ಜಡೆ ಆಗಲಿಲ್ಲ. ಅವಳು ಅತ್ತಳು, ನಾನು ಸುಮ್ಮನೆ ಟಿವಿ ಹಾಕಿದೆ. ಅಳು ನಿಂತಿತು. ಅವತ್ತಿಂದ ಟಿವಿಯೇ ನನಗೆ ಗತಿಯಾಯಿತು.

ಇನ್ನೊಂದು ಮಾತಿದೆ, ಹೇಳಲು ಕಷ್ಟ. ಅಮ್ಮನ ಮನೆಯಲ್ಲಿ ಸಿಗದೇ ಇರುವುದು ನನ್ನ ಮನೆಯಲ್ಲಿ ಸಿಗಬೇಕು ಅನ್ನುವ ಆಸೆ ಇತ್ತು. ಅವಳು ಓಡಿ ಓಡಿ ಬರಬೇಕು. ಅದಕ್ಕೆ ಕೇಳಿದ್ದಕ್ಕೆಲ್ಲ ಹೂಂ ಅಂದೆ. ಬೇಡ ಅಂದರೆ ಮುಂದಿನ ಸಲ ಬರಲ್ಲ ಅಂದುಬಿಟ್ಟರೆ ಅಂತ ಭಯ.

ನಿಮ್ಮ ಮಕ್ಕಳ ಅಪ್ಪನಿಗೂ ಹೀಗೇ ಇರಬೇಕು ಅಂತ ನಾನು ಹೇಗೆ ಹೇಳಲಿ. ಆದರೆ ಅವರು ರೈಟರ್ ಅಂದಿರಿ. ಈಗ ಕೊಯ್ಲಿನ ಕಾಲ. ಸಂಜೆ ಆಳುಗಳು ಹಣ್ಣು ತಂದು ಸುರಿಯುತ್ತಾರೆ. ಒಬ್ಬೊಬ್ಬರದೂ ತೂಕ ಹಾಕಿ ಪುಸ್ತಕಕ್ಕೆ ಬರೆಯುವವರು ರೈಟರೇ. ಶನಿವಾರ ಅದನ್ನು ಬಿಟ್ಟು ಮನೆಗೆ ಬರಲು ಆಗುತ್ತದಾ? ಆ ಎರಡು ಗಂಟೆ ಮಕ್ಕಳ ಜೊತೆ ಯಾರಿರುತ್ತಾರೆ ಅಂತ ಒಮ್ಮೆ ಕೇಳಿ ನೋಡಿ. ಸಿಟ್ಟಿನಲ್ಲಿ ಕೇಳಬೇಡಿ ಮೇಡಂ.

ಸರ್ಕ್ಯೂಟ್ (ಚಿಕ್ಕಮಗಳೂರು)

ನಾನು ಕೇಬಲ್, ನೆಟ್ ಕೆಲಸ ಮಾಡುವವನು. ಈ 16+, ಯು/ಎ ವಿಷಯದಲ್ಲಿ ಜನಕ್ಕೆ ಜಾಸ್ತಿ ಗೊಂದಲ ಇದೆ. ಮನೆಮನೆಗೆ ಹೋದಾಗ ಕೇಳುತ್ತಾರೆ, ಅದಕ್ಕೆ ಬರೆಯುತ್ತಿದ್ದೇನೆ.

ಮೊದಲು ಸಿನಿಮಾಕ್ಕೆ ಯು (ಎಲ್ಲರೂ ನೋಡಬಹುದು), ಯು/ಎ, ಎ ಅಂತ ಸರ್ಟಿಫಿಕೇಟು ಇತ್ತು. ಎಸ್ ಅಂತಲೂ ಒಂದಿದೆ, ಅದು ವೈದ್ಯರು ಮುಂತಾದ ವಿಶೇಷ ವರ್ಗಕ್ಕೆ. 2023ರಲ್ಲಿ ಸಿನಿಮಾಟೋಗ್ರಾಫ್ ಕಾಯ್ದೆ ತಿದ್ದುಪಡಿ ಆಗಿ ಯು/ಎ ಅನ್ನುವುದು 7+, 13+, 16+ ಅಂತ ಮೂರು ಭಾಗವಾಯಿತು. ಓಟಿಟಿಗೆ, ಅಂದರೆ ನೆಟ್‌ನಲ್ಲಿ ಸಿನಿಮಾ ತೋರಿಸುವ ಆ್ಯಪ್‌ಗಳಿಗೆ, ಹೆಚ್ಚುಕಡಿಮೆ ಇದೇ ಲೆಕ್ಕ 2021ರ ಐಟಿ ನಿಯಮಗಳಲ್ಲೇ ಬಂದಿತ್ತು. 13+ ಮತ್ತು ಅದಕ್ಕಿಂತ ಮೇಲಿನದಕ್ಕೆ ಲಾಕ್ ಹಾಕುವ ಅನುಕೂಲವನ್ನು ಓಟಿಟಿಯವರು ಕೊಡಲೇಬೇಕು.

ಎ ಅಂದರೆ ಮಕ್ಕಳಿಗೆ ಇಲ್ಲವೇ ಇಲ್ಲ. ಯು/ಎ 16+ ಹಾಗಲ್ಲ. ಅದಕ್ಕಿಂತ ಚಿಕ್ಕವರಿಗೆ ತೋರಿಸಬೇಕಾ ಬೇಡವಾ ಅಂತ ತಂದೆ ತಾಯಿ ಯೋಚನೆ ಮಾಡಿ ಅಂತ ಅರ್ಥ. ಅಂದರೆ ಸರ್ಟಿಫಿಕೇಟು ತೀರ್ಮಾನವನ್ನು ತಿರುಗಿ ಮನೆಗೇ ಕಳಿಸುತ್ತದೆ. ಒಂದು ಮನೆ ಇದ್ದರೆ ಸರಿ. ಎರಡು ಮನೆ ಆದಾಗ ಯಾವ ಮನೆ ಅಂತ ಅದರಲ್ಲಿ ಬರೆದಿಲ್ಲ.

ಇನ್ನೊಂದು ಮುಖ್ಯ ವಿಷಯ. ಬೀರು, ಕೈ, ಉಗುರು ಅಂದಿರಿ. ನನಗೆ ಅದು ಸಿನಿಮಾ ಅನ್ನಿಸುತ್ತಿಲ್ಲ. ಮೊಬೈಲಿನಲ್ಲಿ ಬರುವ ದೆವ್ವದ ತುಣುಕು ವಿಡಿಯೋ ಇರಬಹುದು. ಜನ ತಾವೇ ಮಾಡಿ ಹಾಕುವ ಅಂಥ ವಿಡಿಯೋಗಳಿಗೆ ಈ ಸರ್ಟಿಫಿಕೇಟು ಯಾವುದೂ ಇಲ್ಲ. ಒಂದು ಮುಗಿದರೆ ಇನ್ನೊಂದು ತಾನಾಗಿ ಬರುತ್ತದೆ. ದೊಡ್ಡವರ ಅಕೌಂಟಿನಲ್ಲಿ ಮಕ್ಕಳು ನೋಡಿದರೆ ಮೊಬೈಲಿಗೆ ಮಗು ಅಂತ ಗೊತ್ತಾಗುವುದು ಹೇಗೆ?

ಅವರಪ್ಪನ ಫೋನಿನಲ್ಲಿ ಯೂಟ್ಯೂಬ್ ಕಿಡ್ಸ್ ಹಾಕಿಸಿ. ಅದರಲ್ಲಿ 5ರಿಂದ 8, 9ರಿಂದ 12 ಅಂತ ವಯಸ್ಸಿನ ಭಾಗ ಇದೆ. ಇಬ್ಬರು ಮಕ್ಕಳಿಗೂ ಬೇರೆ ಬೇರೆ ಪ್ರೊಫೈಲ್ ಮಾಡಬಹುದು. ಹುಡುಕುವುದನ್ನು ಆಫ್ ಮಾಡಿ, ನೀವು ಆರಿಸಿದ ವಿಡಿಯೋ ಮಾತ್ರ ಬರುವ ಹಾಗೆ ಇಡಬಹುದು. ಟೈಮರ್ ಇದೆ. ಓಟಿಟಿ ಇದ್ದರೆ ದೊಡ್ಡವರ ಪ್ರೊಫೈಲಿಗೆ ಪಿನ್ ಹಾಕಿ. ಹತ್ತು ನಿಮಿಷದ ಕೆಲಸ. ಆಲ್ದೂರಿಗೆ ನಾನು ಕೆಲಸಕ್ಕೆ ಬರುತ್ತಿರುತ್ತೇನೆ, ಬೇಕಾದರೆ ಅವರಿಗೆ ಮಾಡಿಕೊಡುತ್ತೇನೆ. ದುಡ್ಡು ಬೇಡ.

ಪಟ್ಟಣದ ಹುಡುಗಿ (ಚನ್ನರಾಯಪಟ್ಟಣ)

ಅಣ್ಣ, ನನ್ನ ಮಗನಿಗೆ ಮೂರು ವರ್ಷ. ಊಟ ಮಾಡಿಸಲು ಮೊಬೈಲ್ ಬೇಕೇ ಬೇಕು ಅಂತಾನೆ. ಯೂಟ್ಯೂಬ್ ಕಿಡ್ಸ್ ಹಾಕಿದರೆ ಸಾಕಾ?

ಸರ್ಕ್ಯೂಟ್ (ಚಿಕ್ಕಮಗಳೂರು)

ಅಷ್ಟು ಚಿಕ್ಕವರಿಗೆ ಏನು ನೋಡುತ್ತಾರೆ ಅನ್ನುವುದರ ಜೊತೆಗೆ ಎಷ್ಟು ಹೊತ್ತು ಅನ್ನುವುದೂ ಮುಖ್ಯ ತಂಗಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆ ಆದಷ್ಟೂ ಒಳ್ಳೆಯದು.

ಮೂಡಿಗೆರೆ ಮಳೆ

ನನಗೀಗ 24. ನಾನು ಎಂಟು ವರ್ಷದವಳಿದ್ದಾಗ ಅಪ್ಪ ಅಮ್ಮ ಬೇರೆಯಾದರು. ಈ ಚರ್ಚೆಯಲ್ಲಿ ಮಕ್ಕಳ ಕಡೆಯಿಂದ ಯಾರೂ ಮಾತಾಡಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಅಪ್ಪನ ಮನೆಯಿಂದ ಬಂದ ಕೂಡಲೇ ಅಮ್ಮ ನನ್ನ ಬ್ಯಾಗು ಇಳಿಸಿಕೊಳ್ಳುತ್ತಾ ಕೇಳುತ್ತಿದ್ದಳು. ಏನು ತಿಂದೆ, ಯಾರು ಬಂದಿದ್ದರು, ಏನು ನೋಡಿದೆ. ಅಮ್ಮ ಮೆತ್ತಗೇ ಕೇಳುತ್ತಿದ್ದಳು. ಆದರೆ ನನಗೆ ಗೊತ್ತಾಗುತ್ತಿತ್ತು. ನಾನು ಹೇಳಿದ ಒಂದೊಂದು ಮಾತೂ ರಾತ್ರಿ ಫೋನಿನಲ್ಲಿ ಅಪ್ಪನಿಗೆ ಹೋಗುತ್ತಿತ್ತು. ಅಪ್ಪನ ಮನೆಯಲ್ಲೂ ಇದೇ ಪ್ರಶ್ನೆ, ಅಮ್ಮನ ಬಗ್ಗೆ. ಕೊನೆಗೆ ನಾನು ಎರಡು ಕಡೆಗೂ ಒಂದೇ ಉತ್ತರ ಇಟ್ಟುಕೊಂಡೆ: "ಏನೂ ಇಲ್ಲ, ಚೆನ್ನಾಗಿತ್ತು."

ಹನ್ನೊಂದನೇ ವಯಸ್ಸಿನಲ್ಲಿ ಅಪ್ಪನ ಕಡೆಯ ಒಬ್ಬ ದೊಡ್ಡ ಹುಡುಗ ಮೊಬೈಲಿನಲ್ಲಿ ನನಗೆ ನೋಡಬಾರದ್ದನ್ನು ತೋರಿಸಿದ. ಒಂದು ವರ್ಷ ನಾನು ಯಾರಿಗೂ ಹೇಳಲಿಲ್ಲ. ಹೇಳಿದರೆ ಜಗಳ ಆಗುತ್ತದೆ, ಅಪ್ಪನನ್ನು ನೋಡಲು ಬಿಡುವುದಿಲ್ಲ ಅಂತ. ಅಪ್ಪನ ತಪ್ಪು ಅದರಲ್ಲಿ ಏನೂ ಇರಲಿಲ್ಲ, ಅವರಿಗೆ ಗೊತ್ತೇ ಇರಲಿಲ್ಲ.

ಅಕ್ಕ, ನಿಮ್ಮ ಮಗಳು "ಹೇಳಬಾರದು" ಅಂದಳಲ್ಲ, ಅದನ್ನು ಓದಿ ನನಗೆ ಮೈ ಜುಂ ಅಂದಿತು. ಅವಳು ಏನು ನೋಡಿದಳು ಅನ್ನುವುದಕ್ಕಿಂತ ಆ ಮಾತಿನ ಬಗ್ಗೆ ನನಗೆ ಜಾಸ್ತಿ ಚಿಂತೆ. ನಾಳೆ ನಿಜವಾಗಿಯೂ ಏನಾದರೂ ಆದರೆ ಅವಳು ನಿಮಗೆ ಹೇಳಬೇಕಲ್ಲ. ಹೇಳಿದ್ದರಿಂದ ಅಪ್ಪನ ಮನೆ ತಪ್ಪಿಹೋಗುವುದಿಲ್ಲ ಅಂತ ಇಬ್ಬರು ಮಕ್ಕಳಿಗೂ ಮೊದಲು ಗೊತ್ತಾಗಲಿ. ಅದು ನಿಮ್ಮ ಬಾಯಿಂದಲೇ ಬರಬೇಕು.

ಬಲದಂಡೆ ಅಮ್ಮ (ಹಾಸನ)

ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ಮೂಡಿಗೆರೆ ತಂಗಿ, ನಿಮ್ಮದನ್ನು ಓದಿ ರಾತ್ರಿ ನಿದ್ದೆ ಬರಲಿಲ್ಲ. ಒಂದು ವರ್ಷ ಒಬ್ಬರೇ ಹೊತ್ತುಕೊಂಡಿದ್ದಿರಲ್ಲ.

ಇವತ್ತು ಬೆಳಿಗ್ಗೆ ಮಗನ ಯೂನಿಫಾರ್ಮಿಗೆ ಗುಂಡಿ ಹಾಕುತ್ತಾ ಕೂತಿದ್ದೆ. ಅವನು ಪಕ್ಕದಲ್ಲಿ ಹಾಲು ಕುಡಿಯುತ್ತಿದ್ದ. ಏನೂ ಕೇಳಲಿಲ್ಲ. "ಅವತ್ತು ಅಪ್ಪನಿಗೆ ಕಳಿಸಲ್ಲ ಅಂದೆನಲ್ಲ, ಅದು ಸಿಟ್ಟಿಗೆ ಅಂದಿದ್ದು. ಏನೇ ಆದರೂ ನೀವು ಅಪ್ಪನ ಹತ್ತಿರ ಹೋಗುವುದು ನಿಲ್ಲಲ್ಲ" ಅಂದೆ ಅಷ್ಟೆ. ಲೋಟ ಹಿಡಿದುಕೊಂಡೇ ಅತ್ತುಬಿಟ್ಟ. ಹತ್ತು ವರ್ಷದ ಹುಡುಗ, ಈಚೆಗೆ ಅವನು ಅತ್ತಿದ್ದೇ ನಾನು ನೋಡಿರಲಿಲ್ಲ.

ಹೇಳಬಾರದು ಅಂತ ತಂಗಿಗೆ ಹೇಳಿಕೊಟ್ಟಿದ್ದು ಅವನೇ. ನಾನು ಫೋನಿನಲ್ಲಿ ಕೂಗಾಡಿದ್ದನ್ನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಿದ್ದ. ಅವರಪ್ಪ ಏನೂ ಹೇಳಿಕೊಟ್ಟಿರಲಿಲ್ಲ. ಈ ವಿಷಯದಲ್ಲಿ ನಾನು ಅವರ ಮೇಲೆ ಸುಮ್ಮನೆ ಅನುಮಾನ ಪಟ್ಟೆ.

ಸರ್ಕ್ಯೂಟ್ ಅಣ್ಣ, ನೀವು ಹೇಳಿದ್ದೇ ಸರಿ. ಆ ಕೈ ಸಿನಿಮಾದ್ದಲ್ಲ. ಸಂಜೆ ಅವರಪ್ಪ ತೂಕಕ್ಕೆ ಹೋಗುವಾಗ ಫೋನ್ ಮಗನ ಕೈಗೆ ಕೊಟ್ಟು ಹೋಗುತ್ತಾರಂತೆ. ಇವನು ಕ್ರಿಕೆಟ್ ವಿಡಿಯೋ ನೋಡುತ್ತಾ ಇದ್ದನಂತೆ. ಅದಾದ ಮೇಲೆ ಇನ್ನೊಂದು, ಮತ್ತೊಂದು ಬಂದು ದೆವ್ವದ ವಿಡಿಯೋ ಬಂತಂತೆ. ಇವನಿಗೆ ನಗು. ಅವಳು ಕಂಬಳಿ ಒಳಗಿಂದ ನೋಡಿದ್ದಾಳೆ. ಕಡೂರಿನ ಅಣ್ಣ, ಆ ಎರಡು ಗಂಟೆಯ ಬಗ್ಗೆ ನೀವು ಹೇಳಿದ್ದು ನನಗೆ ಹೊಳೆದೇ ಇರಲಿಲ್ಲ.

ಆದರೆ 16+ ಸಿನಿಮಾ ನೋಡಿದ್ದೂ ನಿಜ. ಅದರಲ್ಲಿ ತಲೆ ಕಡಿಯುತ್ತಾರೆ ಅಂತ ಮಗನೇ ಹೇಳಿದ. ಪುಟ್ಟಿಯೂ ಅಲ್ಲೇ ಇದ್ದಳು. ಅದನ್ನು ನಾನು ಒಪ್ಪುವುದಿಲ್ಲ.

ಕೊಪ್ಪದ ಟೀಚರ್

ಒಂದರಿಂದ ಮೂರನೇ ಕ್ಲಾಸಿನವರೆಗೆ ನಲಿಕಲಿ ಮಕ್ಕಳಿಗೆ ಪಾಠ ಮಾಡುತ್ತೇನೆ. ಆರು ವರ್ಷದವರನ್ನು ದಿನಾ ನೋಡುತ್ತೇನೆ.

ಈ ವಯಸ್ಸಿನಲ್ಲಿ ಟಿವಿಯಲ್ಲಿ ಕಂಡದ್ದು ಟಿವಿ ಒಳಗೇ ಉಳಿಯುವುದಿಲ್ಲ. ನಮ್ಮ ಕ್ಲಾಸಿನ ಒಬ್ಬ ಹುಡುಗ ಒಂದು ವಾರ ಟಾಯ್ಲೆಟ್ಟಿಗೆ ಹೋಗಲು ಒಪ್ಪಲಿಲ್ಲ. ಕಮೋಡಿನಿಂದ ಹಾವು ಬರುವ ವಿಡಿಯೋ ನೋಡಿದ್ದನಂತೆ. "ಅದು ಸುಳ್ಳು ಕಣೋ" ಅಂದೆ. "ಸುಳ್ಳು ಅಂತ ಗೊತ್ತು ಟೀಚರ್, ಆದರೂ ಬಂದರೆ?" ಅಂದ. ಅವನಿಗೆ ಎರಡೂ ಒಟ್ಟಿಗೇ ನಿಜ. ಹತ್ತು ವರ್ಷದವನಿಗೆ ಕ್ಯಾಮೆರಾ, ಮೇಕಪ್ ಅಂತ ಹೇಳಿದರೆ ಅರ್ಥವಾಗುತ್ತದೆ. ಅದಕ್ಕೇ ನಿಮ್ಮ ಮಗ ನಕ್ಕಿದ್ದು, ಮಗಳು ಹೆದರಿದ್ದು.

ಹಾಗಾಗಿ ಇಬ್ಬರಿಗೂ ಒಂದೇ ನಿಯಮ ಬೇಡ. ಇದು ನಿಮ್ಮ ಮನೆಗೂ ಸೇರಿ ಹೇಳುತ್ತಿದ್ದೇನೆ. ದೊಡ್ಡವನಿಗೆ ಸರಿ ಅನ್ನಿಸಿದ್ದನ್ನು ಚಿಕ್ಕವಳು ಮಲಗಿದ ಮೇಲೆ ನೋಡಲಿ.

ಆ ಚಿತ್ರವನ್ನು ಬಚ್ಚಿಡಬೇಡಿ. ಅವಳ ಜೊತೆ ಕೂತು ಅದೇ ಹಾಳೆಯಲ್ಲಿ ಮುಂದೇನಾಯಿತು ಅಂತ ಬರೆಸಿ. ಆ ಕೈಗೆ ಬಳೆ ಹಾಕಲಿ, ಮೆಹಂದಿ ಹಾಕಲಿ, ಉಗುರು ಕತ್ತರಿಸಲಿ. ನಮ್ಮ ಹುಡುಗ ಹಾವಿಗೆ ಟೋಪಿ ಹಾಕಿದ. ಮಾರನೇ ದಿನ ಬಾಗಿಲು ತೆರೆದಿಟ್ಟು ಹೋದ, ಆಮೇಲೆ ಮುಚ್ಚಿಕೊಂಡೂ ಹೋದ. ಹೀಗೆ ಮಾಡಿಯೂ ತಿಂಗಳುಗಟ್ಟಲೆ ನಿದ್ದೆ ಬರದಿದ್ದರೆ ಮಕ್ಕಳ ಡಾಕ್ಟರ ಹತ್ತಿರ ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಮಕ್ಕಳು ಮೊಬೈಲ್ ಬಿಟ್ಟು ಇರಲಾರದಷ್ಟು ಆಗಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅದಕ್ಕೇ ಅಂತ 2014ರಿಂದ ಶಟ್ ಕ್ಲಿನಿಕ್ ಇದೆ. ನಿಮ್ಮ ಮಕ್ಕಳಿಗೆ ಅದು ಬೇಕಾಗುವುದಿಲ್ಲ ಅನ್ನಿಸುತ್ತದೆ. ಬೇರೆ ಓದುವವರಿಗೆ ಇರಲಿ ಅಂತ ಬರೆದೆ.

ಹೊಳೆ ಅಜ್ಜಿ (ಹೊಳೆನರಸೀಪುರ)

ಮೊಮ್ಮಗಳು ಟೈಪ್ ಮಾಡಿಕೊಡುತ್ತಿದ್ದಾಳೆ. ಒಂದು ಮಾತು ಕೇಳಬೇಕಿತ್ತು ಮಗಳೇ. ನಿನ್ನ ಮನೆಯಲ್ಲಿ ರಾತ್ರಿ ಟಿವಿ ಯಾರು ನೋಡುತ್ತಾರೆ? ನಾನು ಊಟ ಆದ ಮೇಲೆ ಕೊಲೆ ಕೇಸು ತೋರಿಸುವ ಕಾರ್ಯಕ್ರಮ ನೋಡುತ್ತಿದ್ದೆ. ಮೊಮ್ಮಗ ಪಕ್ಕದಲ್ಲಿ ಮಲಗಿರುತ್ತಿದ್ದ. ನಿದ್ದೆ ಮಾಡಿದ್ದಾನೆ ಅಂದುಕೊಂಡಿದ್ದೆ. ಒಂದು ದಿನ ಕೇಳಿದ, "ಅಜ್ಜಿ, ನಮ್ಮ ಮನೆ ಹಿತ್ತಲಿನಲ್ಲೂ ಯಾರನ್ನಾದರೂ ಹೂತಿದ್ದಾರಾ?" ಅಂತ. ಅವತ್ತೇ ನಿಲ್ಲಿಸಿದೆ. ಸಿನಿಮಾಕ್ಕಾದರೂ ನಂಬರು ಹಾಕುತ್ತಾರಂತೆ. ನ್ಯೂಸಿಗೆ, ಸೀರಿಯಲ್ಲಿಗೆ ಯಾರು ಹಾಕುತ್ತಾರೆ? ಅವರಪ್ಪನಿಗೆ ಹೇಳುವ ಮೊದಲು ನಿನ್ನ ಮನೆಯ ಟಿವಿಯನ್ನೂ ಒಂದು ಸಲ ನೋಡಿಕೋ ತಾಯಿ.

ತೆಂಗಿನ ಗರಿ (ಅರಸೀಕೆರೆ)

ಮೇಡಂ, ಪುಟ್ಟಿಯ ವಿಷಯದಲ್ಲಿ ನಿಮ್ಮ ಜೊತೆಗಿದ್ದೇನೆ. ಮಗನ ವಿಷಯದಲ್ಲಿ ಸ್ವಲ್ಪ ಭಿನ್ನಾಭಿಪ್ರಾಯ. ಹೊಡೆದಾಟದ ಸಿನಿಮಾ ಇಲ್ಲವೇ ಇಲ್ಲ ಅಂದಿರಿ. ಐದನೇ ಕ್ಲಾಸಿನ ಹುಡುಗರು ಊಟದ ಹೊತ್ತಿನಲ್ಲಿ ಮಾತಾಡುವುದೇ ಅದನ್ನು. ನಮ್ಮಮ್ಮನೂ ಹೀಗೇ ಇದ್ದರು. ಎಲ್ಲರೂ ಡೈಲಾಗ್ ಹೇಳುವಾಗ ನಾನು ಸುಮ್ಮನೆ ಕೂತಿರುತ್ತಿದ್ದೆ. ಆಮೇಲೆ ಕದ್ದು ನೋಡಿದೆ. ಕದ್ದು ನೋಡುವಾಗ ಪಕ್ಕದಲ್ಲಿ ಕೇಳಲು ಯಾರೂ ಇರುವುದಿಲ್ಲ. ಅವರಪ್ಪ ಪಕ್ಕದಲ್ಲಿ ಕೂತು ನೋಡಿದರು ಅನ್ನುವುದು ಸಣ್ಣ ಮಾತಲ್ಲ. 16+ ಬೇಡ, ಅದು ನಿಜ. 13+ನಲ್ಲಿ ಒಂದೆರಡನ್ನು ನೀವಿಬ್ಬರೂ ಸೇರಿ ಆರಿಸಬಾರದಾ?

ಕಪ್ಪು ಕೋಟು (ಹಾಸನ)

ಮಾತಾಡಲು ಹೋಗುವಾಗ ಒಂದು ಸಲಹೆ. ಏನು ಒಪ್ಪಿದಿರೋ ಅದನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಇಟ್ಟುಕೊಳ್ಳಿ. ಸ್ಟಾಂಪ್ ಪೇಪರು ಬೇಡ. ಹದಿನೈದು ದಿನ ಆದ ಮೇಲೆ ನೀನು ಹಾಗಂದೆ, ನಾನು ಹೀಗಂದೆ ಅಂತ ಬರದಿರಲಿ ಅಂತ ಅಷ್ಟೆ. ಮೂರೋ ನಾಲ್ಕೋ ಮಾತು ಸಾಕು. ಅವರ ಮನೆಯ ಊಟ, ನಿದ್ದೆ, ಸ್ನಾನ ಎಲ್ಲದಕ್ಕೂ ನಿಯಮ ಬರೆಯಲು ಹೋದರೆ ಯಾವುದೂ ಉಳಿಯುವುದಿಲ್ಲ. ಮಕ್ಕಳ ಎದುರಿಗೆ ಈ ಮಾತು ಬೇಡ.

ಬಲದಂಡೆ ಅಮ್ಮ (ಹಾಸನ)

ಹೇಗಾಯಿತು ಅಂತ ಕೇಳಿದ್ದೀರಿ. ಬರೆಯುವುದು ತಡವಾಯಿತು, ಕ್ಷಮಿಸಿ.

ಹೋದ ಶನಿವಾರ ಬೇಲೂರಿಗೆ ನನ್ನ ತಂಗಿಯನ್ನೂ ಕರೆದುಕೊಂಡು ಹೋದೆ. ಅವಳು ಮಕ್ಕಳನ್ನು ದೇವಸ್ಥಾನಕ್ಕೆ ಕರೆದುಕೊಂಡು ಹೋದಳು. ನಾವಿಬ್ಬರೂ ಬಸ್‌ಸ್ಟ್ಯಾಂಡ್ ಹತ್ತಿರ ಹೋಟೆಲಿನಲ್ಲಿ ಕೂತೆವು. ಡಿವೋರ್ಸ್ ಆದ ಮೇಲೆ ಒಂದೇ ಟೇಬಲ್ಲಿಗೆ ಕೂತಿದ್ದು ಇದೇ ಮೊದಲು.

ನಾನು ಮೊದಲೇ ಹೇಳಿದೆ. "ಕಳಿಸಲ್ಲ ಅಂದಿದ್ದು ತಪ್ಪು. ನೀವು ಮಕ್ಕಳಿಗೆ ಸುಳ್ಳು ಹೇಳಿಕೊಟ್ಟಿದ್ದೀರಿ ಅಂದುಕೊಂಡಿದ್ದೂ ತಪ್ಪು" ಅಂದೆ. ಅವರು ಏನೂ ಮಾತಾಡಲಿಲ್ಲ. ಆಮೇಲೆ ಡ್ರಾಯಿಂಗ್ ಪುಸ್ತಕ ತೆಗೆದು ಮುಂದಿಟ್ಟೆ. ಕಾಫಿ ತಣ್ಣಗಾಗುವವರೆಗೂ ನೋಡಿದರು. ತೂತು ಬಿದ್ದ ಜಾಗವನ್ನು ಬೆರಳಿನಿಂದ ಸವರಿದರು. "ಇದು ನಿಮ್ಮ ಮನೆ ಬೀರು ಅಲ್ವಾ?" ಅಂದರು. ನಾನು ಗಮನಿಸಿಯೇ ಇರಲಿಲ್ಲ. ಬೀರಿನ ಬಾಗಿಲಿಗೆ ಅವಳು ಅಂಟಿಸಿದ ಚಿಟ್ಟೆ ಸ್ಟಿಕ್ಕರ್ ಕೂಡ ಬರೆದಿದ್ದಾಳೆ. ನೋಡಿದ್ದು ಅಲ್ಲಿ, ಹೆದರುತ್ತಿರುವುದು ಇಲ್ಲಿ. "ನನ್ನ ಹತ್ತಿರ ಇರುವಾಗ ಚೆನ್ನಾಗೇ ಮಲಗ್ತಾಳೆ, ಇಬ್ಬರೂ ನನ್ನ ಪಕ್ಕದಲ್ಲೇ ಮಲಗೋದಲ್ಲ, ಅದಕ್ಕೆ ನನಗೆ ಗೊತ್ತಾಗಲಿಲ್ಲ" ಅಂದರು. ಅವರ ಗಂಟಲು ಕಟ್ಟಿತ್ತು.

ಹೊಳೆ ಅಜ್ಜಿ, ನಿಮ್ಮ ಪ್ರಶ್ನೆಗೂ ಉತ್ತರ ಸಿಕ್ಕಿತು. ನಮ್ಮಮ್ಮ ಹಾಲ್‌ನಲ್ಲಿ ರಾತ್ರಿ ಅಂಥದ್ದೇ ಕಾರ್ಯಕ್ರಮ ಹಾಕುತ್ತಿದ್ದರು, ಪುಟ್ಟಿ ಮಲಗುವ ಕೋಣೆಗೆ ಎಲ್ಲ ಕೇಳಿಸುತ್ತದೆ. ಅದನ್ನೂ ಮಕ್ಕಳ ಅಪ್ಪನ ಎದುರು ಹೇಳಿದೆ. ಹೇಳಲು ಕಷ್ಟವಾಯಿತು. ಅಮ್ಮ ಈಗ ಮಧ್ಯಾಹ್ನ ಮಾತ್ರ ನೋಡುತ್ತಾರೆ.

ಹಾಳೆಯಲ್ಲಿ ಬರೆದದ್ದು ಇಷ್ಟು. ಪುಟ್ಟಿಗೆ ಮೊಬೈಲ್ ಎರಡೂ ಮನೆಯಲ್ಲಿ ಇಲ್ಲ. ಅವಳು ಎದ್ದಿರುವಾಗ ಟಿವಿಯಲ್ಲಿ ಯು ಅಥವಾ 7+, ಅದೂ ದೊಡ್ಡವರು ಪಕ್ಕದಲ್ಲಿದ್ದಾಗ. ತೂಕದ ಹೊತ್ತಿಗೆ ಮಕ್ಕಳನ್ನು ಮನೆಯಲ್ಲಿ ಬಿಡದೆ ಕಣಕ್ಕೆ ಕರೆದುಕೊಂಡು ಹೋಗುತ್ತೇನೆ ಅಂತ ಅವರೇ ಹೇಳಿದರು. ಮಕ್ಕಳು ಏನು ನೋಡಿದರು ಅಂತ ನಾನು ಮಕ್ಕಳನ್ನು ಕೇಳುವುದಿಲ್ಲ, ಅವರೇ ನನಗೆ ಮೆಸೇಜ್ ಹಾಕುತ್ತಾರೆ. ನಾನೂ ಅವರಿಗೆ ಹಾಕಬೇಕು.

ಮಗನ ವಿಷಯದಲ್ಲಿ ಒಪ್ಪಂದ ಆಗಲಿಲ್ಲ. ನಾನು 13+ ಬೇಡ ಅಂದೆ, ಅವರು ಪಕ್ಕದಲ್ಲಿ ಕೂತು ತೋರಿಸುತ್ತೇನೆ ಅಂದರು. ಮೊದಲು ತಾವು ನೋಡಿ, ಆಮೇಲೆ ನನಗೆ ಹೇಳುತ್ತಾರಂತೆ. ಅರಸೀಕೆರೆಯವರ ಮಾತು ನೆನಪಿಟ್ಟುಕೊಂಡಿದ್ದೇನೆ, ಆದರೆ ಮನಸ್ಸು ಇನ್ನೂ ಒಪ್ಪುತ್ತಿಲ್ಲ.

ಪುಟ್ಟಿ ಆ ಕೈಗೆ ಹಸಿರು ಬಳೆ ಬರೆದಳು. ಉಗುರು ಕತ್ತರಿಸಲು ಮಾತ್ರ ಒಪ್ಪಲಿಲ್ಲ. ಬಚ್ಚಲಿನ ಲೈಟ್ ಇನ್ನೂ ಆರಿಸುವ ಹಾಗಿಲ್ಲ. ಭಾನುವಾರ ರಾತ್ರಿ ಮೂರು ಸಲ ಎದ್ದವಳು ಈ ಸಲ ಒಂದು ಸಲ ಎದ್ದಳು.

ಭಾನುವಾರ ವಾಪಸ್ ಬರುವಾಗ ಬಸ್ಸಿನಲ್ಲಿ ಅವಳು ನನ್ನ ತೊಡೆ ಮೇಲೆ ಮಲಗಿದ್ದಳು, ತಲೆಯೆಲ್ಲ ಕಾಫಿ ಹಣ್ಣಿನ ಸಿಪ್ಪೆಯ ವಾಸನೆ. ಮಗ ಕಿಟಕಿ ಹತ್ತಿರ ಕೂತಿದ್ದ. ನಾನು ಏನೂ ಕೇಳಿರಲಿಲ್ಲ. "ಅಮ್ಮ, ನಿನ್ನೆ ತೂಕದ ಲೆಕ್ಕ ನಾನೇ ಬರೆದೆ. 412 ಕೆಜಿ. ಅಪ್ಪ ಮತ್ತೆ ಕೂಡಿ ನೋಡಿದರು, ಸರಿಯಾಗಿತ್ತು" ಅಂದ. ಹಗರೆ ದಾಟಿದ ಮೇಲೆ ಮೆಲ್ಲಗೆ, "ಆ 13+ ಸಿನಿಮಾ ಮುಂದಿನ ಸಲ ನೋಡಬಹುದಾ?" ಅಂದ.

ನಿಮ್ಮಪ್ಪನ ಹತ್ತಿರ ಮಾತಾಡಿ ಹೇಳುತ್ತೇನೆ ಅಂದೆ.